ಮೊಸಳೆಯ ಬಾಯಿ

ಚೆನ್ನೈಯಿಂದ ಸಮುದ್ರವನ್ನು ಎಡಕ್ಕಿರಿಸಿಕೊಂಡು ಮಹಾಬಲಿಪುರಕ್ಕೆ ಸಾಗುವ ಮಾರ್ಗದಲ್ಲಿ, ಪಲ್ಲವರ ಶಿಲ್ಪಗಳನ್ನು ನೋಡಬೇಕೆಂಬ ಆತುರದಲ್ಲಿದ್ದ ನಾವು, ವಡನೆಮ್ಮೇಲಿ ಎಂಬ ಹಳ್ಳಿಯ ಬಳಿ ಗಾಡಿಯಿಂದಿಳಿದು ಅರ್ಧ ದಿವಸವನ್ನು ಮೊಸಳೆಗಳೊಡನೆ ಕಳೆದೆವು. ಚರ್ಮದ ವ್ಯಾಪಾರಕ್ಕೆ ಬಲಿಯಾಗಿ ನಮ್ಮ ನದಿಗಳಲ್ಲಿ ಮೊಸಳೆಯ ಸಂತತಿಯೇ ಕ್ಷೀಣಿಸಿದ್ದ ಕಾಲದಲ್ಲಿ, 1976ರಲ್ಲಿ, ಉರಗಪ್ರೇಮಿ ರೊಮುಲಸ್ ವಿಟೇಕರ್ ಮತ್ತು ಅವರ ಸಂಗಡಿಗರು ಕಟ್ಟಿದ ಮದರಾಸು ಮೊಸಳೆ ಬ್ಯಾಂಕು ಅದು. ಬ್ಯಾಂಕೆಂಬ ಹೆಸರು ಅನ್ವರ್ಥವೇ ಸರಿ, ಏಕೆಂದರೆ ಅಲ್ಲಿ ಕೂಡಿಟ್ಟದ್ದು ಜೀವಿಗಳ ಮೂಲಧನ.

ನಮ್ಮ ರಂಗನತಿಟ್ಟಿನ ಬಂಡೆಗಳ ಮೇಲೆ ಕಾಣಸಿಗುವ ಜಾತಿಯದೇ ಆದ ಮಗ್ಗರ್ ಮೊಸಳೆಯೊಂದು ಕೊಳದ ದಡದಲ್ಲಿ ಬಾಯಿ ತೆರೆದು ಮಲಗಿತ್ತು. ಆ ತೆರೆದ ಬಾಯಿಯನ್ನು ಕ್ರೌರ್ಯದ ಚಿಹ್ನೆಯೆಂದು ಬಗೆಯುವುದು ನಮ್ಮ ರೂಢಿ. ಆದರೆ ಬಿಸಿಲಿನಲ್ಲಿ ಅದು ಬಾಯಿ ತೆರೆಯುವುದು ಒಳಗಿನ ತೇವ ಆರುತ್ತ ತಲೆ ತಂಪಾಗಲೆಂದು. ಹಳದಿ ಛಾಯೆಯ ಆ ಗುಹೆಯ ತುದಿಯಲ್ಲಿ, ಗಂಟಲಿಗೆ ಅಡ್ಡವಾಗಿ, ಮಾಂಸದ ಪಡದೆಯೊಂದು ಬಿಗಿಯಾಗಿ ಮುಚ್ಚಿಕೊಂಡಿದ್ದುದು ನಮಗೆ ಕಟಾಂಜನದಿಂದಲೇ ಕಾಣಿಸಿತು. ನೀರಿನೊಳಗೆ ಬೇಟೆಯನ್ನು ಕಚ್ಚಿ ಹಿಡಿದಾಗ ನೀರು ಶ್ವಾಸನಾಳಕ್ಕೆ ನುಗ್ಗದಂತೆ ತಡೆಯುವ ಕವಾಟವದು. ಮೂಗಿನ ಹೊಳ್ಳೆಗಳು ಮೇಲಿದ್ದರಾಯಿತು, ಬಾಯಿಯ ತುಂಬ ನೀರಿದ್ದರೂ ಪ್ರಾಣಿ ನಿರಾತಂಕವಾಗಿ ಉಸಿರಾಡಬಲ್ಲುದು.

ದವಡೆಯ ಸ್ನಾಯುಗಳದು ಮತ್ತೊಂದು ವಿಸ್ಮಯ. ಮುಚ್ಚುವ ಸ್ನಾಯುಗಳು ಎಲುಬನ್ನು ಪುಡಿಗೈಯುವಷ್ಟು ಪ್ರಬಲ, ತೆರೆಯುವವು ತೀರ ದುರ್ಬಲ; ಆದುದರಿಂದಲೇ ಹಿಡಿಯುವವರು ದೊಡ್ಡ ಮೊಸಳೆಯ ಮೂತಿಯನ್ನೂ ಹಗ್ಗದ ಕೆಲವು ಸುತ್ತುಗಳಿಂದ ಬಿಗಿದಿಡುತ್ತಾರೆ. ಇಷ್ಟು ಕಠೋರವಾದ ಅಂಗದ ಹೊರಚರ್ಮದ ಮೇಲೆ ಸಾಸಿವೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು ಹರಡಿವೆ. ಅವು ಬರಿಯ ಮಚ್ಚೆಗಳಲ್ಲ, ಸ್ಪರ್ಶೇಂದ್ರಿಯಗಳು. ಕತ್ತಲಲ್ಲಿ ನೀರಿನ ಮೇಲೆದ್ದ ಅಲೆಯ ಕಿರುಕಂಪನವನ್ನೂ ಅರಿಯುವ ಅವುಗಳ ಸೂಕ್ಷ್ಮತೆ ಮನುಷ್ಯನ ಬೆರಳ ತುದಿಯದನ್ನು ಮೀರಿದ್ದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಈ ಸೂಕ್ಷ್ಮತೆಯ ಪ್ರಯೋಜನ ಬೇಟೆಯಲ್ಲಿಯೇ ಮುಗಿಯುವುದಿಲ್ಲ. ಹೆಣ್ಣು ದಡದಲ್ಲಿ ಗುಂಡಿ ತೋಡಿ ಇಪ್ಪತ್ತೈದು ಮೂವತ್ತು ಮೊಟ್ಟೆಗಳನ್ನಿಟ್ಟು ಮಣ್ಣು ಮುಚ್ಚಿ, ಎರಡು ತಿಂಗಳ ಕಾಲ ಕಾಯುತ್ತದೆ. ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಣಯಿಸುವುದು ಆ ಗುಂಡಿಯ ಶಾಖ: ಸುಮಾರು 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಎಲ್ಲವೂ ಹೆಣ್ಣು, 32.5ರ ಸುಮಾರಿಗೆ ಬಹುತೇಕ ಗಂಡು. ದಿನ ತುಂಬಿದ ಮರಿಗಳು ಮೊಟ್ಟೆಯೊಳಗಿಂದಲೇ ಕೂಗಿಡುತ್ತವೆ. ಆ ದನಿ ಕಿವಿಗೆ ಬಿದ್ದೊಡನೆ ತಾಯಿ ಮಣ್ಣು ಕೆದರಿ, ಒಡೆಯದ ಮೊಟ್ಟೆಯನ್ನು ನಾಲಗೆಗೂ ಅಂಗುಳಿಗೂ ನಡುವೆ ಹೊರಳಿಸಿ ಚಿಪ್ಪನ್ನು ಬಿರಿಯಿಸುತ್ತದೆ. ಹೊರಬಂದ ಮರಿಗಳನ್ನು ಬಾಯಲ್ಲಿ ತುಂಬಿಕೊಂಡು ನೀರಿಗಿಳಿಸುತ್ತದೆ. ಗಂಡು ಮೊಸಳೆಯೂ ಈ ಕಾರ್ಯದಲ್ಲಿ ನೆರವಾಗುವುದನ್ನು ಇದೇ ಬ್ಯಾಂಕಿನ ಕೊಳಗಳಲ್ಲಿ ಸಂಶೋಧಕರು ಕಂಡು 1986ರಲ್ಲಿ ಪ್ರಕಟಿಸಿದರು. ಕಪಟ ದುಃಖಕ್ಕೆ ಮೊಸಳೆ ಕಣ್ಣೀರೆಂದು ಹೆಸರಿಟ್ಟ ನಾವು ಈ ತಂದೆತಾಯಿಗಳನ್ನು ಒಮ್ಮೆ ಕಣ್ಣಾರೆ ಕಂಡಿದ್ದರೆ ಬೇರೊಂದು ಉಪಮೆಯನ್ನು ಅರಸುತ್ತಿದ್ದೆವೆಂದು ನನಗೆ ಅನ್ನಿಸುತ್ತದೆ.

ನಾವು ಹೊರಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ದಡದ ಮೊಸಳೆ ಮೆಲ್ಲನೆ ಬಾಯಿ ಮುಚ್ಚಿತು. ಕೆಳದವಡೆಯ ನಾಲ್ಕನೆಯ ಹಲ್ಲು ಮಾತ್ರ ಹೊರಗೇ ಉಳಿಯಿತು. ಸದ್ದಿಲ್ಲದೆ ನೀರಿಗೆ ಜಾರಿದ ಅದರ ಹೊಳ್ಳೆಗಳೂ ಕಣ್ಣುಗಳೂ ಪಾಚಿಯ ನಡುವೆ ಸ್ವಲ್ಪ ಹೊತ್ತು ತೇಲಿ, ಆಮೇಲೆ ಅವೂ ಕಾಣದಾದವು.