ಕೆಂಬಾಳೆಯೂ ಹೃದಯದ ಲಯವೂ

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಹೊರಟವರಿಗೆ ನಲವತ್ತು ಕಿಲೋಮೀಟರಿನೊಳಗೇ ಎದುರಾಗುವ ಕಮಲಾಪುರವು, ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ತನ್ನ ಕೆಂಬಾಳೆಯಿಂದ ಪ್ರಸಿದ್ಧವಾದ ಊರು. ರೋಗಿಯನ್ನು ಕಾಣಲು ಬರಿಗೈಯಲ್ಲಿ ಹೋಗಬಾರದೆಂಬ ನಮ್ಮ ಸೀಮೆಯ ಶಿಷ್ಟಾಚಾರಕ್ಕೆ ಈ ಹಣ್ಣಿಗಿಂತ ಯೋಗ್ಯವಾದ ವಸ್ತು ದುರ್ಲಭ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಅದನ್ನು ಮನಬಂದಂತೆ ತಿನ್ನಕೂಡದೆಂದು ವೈದ್ಯರು ವಿಧಿಸುವರು. ಅವರ ಭಯವೆಲ್ಲ ಅದರೊಳಗಿನ ಪೊಟ್ಯಾಸಿಯಂನದು.

ಶರೀರದ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಭಾಗ ಜೀವಕೋಶಗಳ ಒಳಗೇ ಅಡಗಿದ್ದು, ರಕ್ತದಲ್ಲಿರುವುದು ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ ಮಾತ್ರ. ಹೃದಯಸ್ನಾಯುವಿನ ವಿದ್ಯುತ್ ಸಂಚಾರಕ್ಕೆ ಆಧಾರವಾದುದು ಈ ಒಳಹೊರಗಿನ ಅಂತರವೇ. ಹೆಚ್ಚಿನದನ್ನು ಮೂತ್ರದಲ್ಲಿ ಹೊರಹಾಕುತ್ತಿದ್ದ ಮೂತ್ರಪಿಂಡಗಳು ಸೋತ ಮೇಲೆ ರಕ್ತದಲ್ಲಿ ಅದು ಸಂಚಯವಾಗುತ್ತ ಬರಲು, ಇಸಿಜಿ ಕಾಗದದ ಮೇಲೆ ಟಿ ತರಂಗವು ಮೊನಚಾಗಿ ಏಳುವುದು, ಪಿ ತರಂಗವು ಚಪ್ಪಟೆಯಾಗುವುದು, ಕ್ಯೂಆರ್‌ಎಸ್ ಅಗಲವಾಗುವುದು, ಉಪೇಕ್ಷಿಸಿದರೆ ಹೃದಯವೇ ಸ್ತಬ್ಧವಾಗುವುದು. ಕಾಗದದ ಮೇಲೆ ಇಷ್ಟೆಲ್ಲ ನಡೆಯುವಾಗಲೂ ರೋಗಿಗೆ ಏನೂ ಅನಿಸದೆ ಇರಬಹುದೆಂಬುದೇ ಇದರ ಕ್ರೌರ್ಯ.

ಇಷ್ಟಾದರೂ ಅಪರಾಧವನ್ನೆಲ್ಲ ಹಣ್ಣಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮೂತ್ರಪಿಂಡಗಳು ಹಗಲಿರುಳೂ ಮಾಡುತ್ತಿದ್ದ ಕೆಲಸವನ್ನು ಯಂತ್ರವು ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆಗಳಲ್ಲಿ ಮುಗಿಸಬೇಕಾಗಿರುವುದರಿಂದ, ನೀರೂ ಲವಣವೂ ದಿನಗಟ್ಟಲೆ ಏರಿ ತಾಸುಗಳಲ್ಲಿ ಇಳಿಯುತ್ತವೆ. ಬಹುಕಾಲದ ರಕ್ತದೊತ್ತಡದಿಂದ ಗೋಡೆ ದಪ್ಪವಾದ ಹೃದಯಕ್ಕೆ ಏರಿಕೆಯಷ್ಟೇ ಈ ಹಠಾತ್ ಇಳಿಕೆಯೂ ಅಪಾಯ. ಅಮೆರಿಕದಲ್ಲಿ 32,000ಕ್ಕೂ ಮಿಕ್ಕ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಇದ್ದವರಲ್ಲೂ ಎರಡು ದಿನಗಳ ಬಿಡುವು ಕಳೆದ ಮರುದಿನವೇ ಮರಣಗಳು ಹೆಚ್ಚೆಂದು ತೋರಿಸಿತು. ಎದೆಯ ಚರ್ಮದಡಿ ಪುಟ್ಟ ಯಂತ್ರವನ್ನಿಟ್ಟು ಲಯವನ್ನು ತಿಂಗಳುಗಟ್ಟಲೆ ದಾಖಲಿಸಿದ ಈಚಿನ ಅಧ್ಯಯನಗಳಲ್ಲಿಯೂ, ವೇಗವಾದ ಬಡಿತಕ್ಕಿಂತ ಅತಿ ನಿಧಾನವಾದ ಬಡಿತವೇ ಹೆಚ್ಚಿನ ಅನಾಹುತವೆಂದು ಕಂಡುಬಂದಿತು. ಎದೆ ಢವಢವ ಎಂದರೆ ಮಾತ್ರ ಗಾಬರಿಪಡುವ ನಾವು ಇದನ್ನು ಗಮನಿಸತಕ್ಕದ್ದು.

ಆದುದರಿಂದ ನನ್ನ ಅಭಿಪ್ರಾಯದಲ್ಲಿ ತಿಂದ ಹಣ್ಣಿಗಿಂತ ತಪ್ಪಿದ ಸರದಿಯೇ ದೊಡ್ಡ ಶತ್ರು. ಬಿತ್ತನೆ, ಜಾತ್ರೆ, ಬಸ್ಸಿನ ಚಾರ್ಜು, ಜೊತೆಗೆ ಬರಬೇಕಾದ ಮಗನ ಕೂಲಿ, ಹೀಗೆ ಹಳ್ಳಿಯವರು ಡಯಾಲಿಸಿಸ್ಸಿನ ಒಂದು ದಿನವನ್ನು ಬಿಡಲು ಕಾರಣಗಳು ನೂರಿರುತ್ತವೆ. ಅವನ್ನು ಬರಿಯ ಅಜ್ಞಾನವೆನ್ನುವುದು ಪೇಟೆಯವರ ದರ್ಪ. ನಮ್ಮ ಬೇಸಿಗೆಯ ದಾಹವೂ ಇದಕ್ಕೆ ಕೂಡಿಕೊಳ್ಳುವುದು: ನೀರನ್ನು ಅಳೆದು ಕುಡಿಯಬೇಕಾದವರಿಗೆ ತಂಪೆಂದು ಕೊಡುವ ಎಳನೀರಿನಲ್ಲಿ ನೀರಿನ ಭಾರದೊಡನೆ ಪೊಟ್ಯಾಸಿಯಂ ಕೂಡ ಹೇರಳ. ರಕ್ತದೊತ್ತಡಕ್ಕೆ ಹಿತವೆಂದು ಮಾರುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂನ ಸ್ಥಾನವನ್ನು ಸಾಮಾನ್ಯವಾಗಿ ತುಂಬಿರುವುದು ಪೊಟ್ಯಾಸಿಯಂ ಕ್ಲೋರೈಡೇ. ತರಕಾರಿಯನ್ನಾದರೋ ಹೆಚ್ಚು ನೀರಿನಲ್ಲಿ ಬೇಯಿಸಿ ನೀರನ್ನು ಬಸಿದುಬಿಟ್ಟರೆ ಒಂದಷ್ಟು ಪಾಲು ಇಳಿಯುವುದು.

ಸರದಿ ತಪ್ಪಿದವರಿಗೆ ಕಾಲುಗಳು ಸೋತು ತಲೆ ತಿರುಗಿದರೆ ಮುಂದಿನ ಸರದಿಗೆ ಕಾಯದೆ ಇಸಿಜಿ ಮಾಡಿಸಬೇಕು. ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆಯೂ ಜಯದೇವ ಹೃದ್ರೋಗ ಸಂಸ್ಥೆಯೂ ಇವೆ. ರಕ್ತನಾಳಕ್ಕೆ ಕೊಡುವ ಕ್ಯಾಲ್ಸಿಯಂ ನಿಮಿಷಗಳಲ್ಲಿ ಹೃದಯಕ್ಕೆ ರಕ್ಷಣೆ ನೀಡುವುದು, ಗ್ಲೂಕೋಸಿನೊಡನೆ ಕೊಡುವ ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಕೋಶಗಳೊಳಕ್ಕೆ ಅಟ್ಟುವುದು. ಆದರೆ ಎರಡೂ ಅದನ್ನು ಶರೀರದಿಂದ ಹೊರಕ್ಕೆ ಕಳುಹಿಸಲಾರವಾದ್ದರಿಂದ, ಅದೇ ದಿನ ಡಯಾಲಿಸಿಸ್ ಆಗಲೇಬೇಕು.