ನಾಗಸೇನವನದ ಮಕ್ಕಳು

ಗಿಣಿಗೇರಾದ ತಮ್ಮಂದಿರೇ, ತಂಗಿಯರೇ, ಈ ವರ್ಷ ಹೊಸದಾಗಿ ಕಾಲೇಜು ಮೆಟ್ಟಿಲು ಹತ್ತುವವರು ಇದನ್ನೊಮ್ಮೆ ಕೇಳ್ರಿ.

1950. ಆಗ ನಮ್ಮೂರು ಹೈದರಾಬಾದ್ ರಾಜ್ಯದಲ್ಲಿತ್ತು. ಅದೇ ರಾಜ್ಯದ ಔರಂಗಾಬಾದಿನಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಒಂದು ಕಾಲೇಜು ತೆರೆದರು. ಅದೇ ಮಿಲಿಂದ ಮಹಾವಿದ್ಯಾಲಯ. ಅದರ ಆವರಣ ನಾಗಸೇನವನ. ಶಾಲೆಯ ಹೊಸ್ತಿಲಾಚೆ ಕೂರಿಸಿದ್ದ ಮನೆತನಗಳ ಮಕ್ಕಳು ಅಲ್ಲಿ ಪದವಿಗೆ ಓದಿದರು. ಬರೀ ಓದಲಿಲ್ಲ. ಪ್ರಾಂಶುಪಾಲ ಚಿಟ್ನೀಸರು ಬರೆದ ‘ಯುಗಯಾತ್ರಾ’ ನಾಟಕವನ್ನು ಬಾಬಾಸಾಹೇಬರ ಎದುರೇ ಆಡಿ ತೋರಿಸಿದರು. ಎಂಥ ಸಂಜೆಯಾಗಿದ್ದೀತು ಅದು!

ಅಮೆರಿಕದ ಕಪ್ಪು ಜನರದೂ ಇಂಥದೇ ಹಾದಿ. ಗುಲಾಮಗಿರಿ ಮುಗಿದ ಬೆನ್ನಲ್ಲೇ, 1866ರಲ್ಲಿ, ನ್ಯಾಶ್‌ವಿಲ್‌ನಲ್ಲಿ ಫಿಸ್ಕ್ ವಿದ್ಯಾಲಯ ಹುಟ್ಟಿತು. ದುಡ್ಡಿಲ್ಲದೆ ಮುಚ್ಚುವ ಹೊತ್ತು ಬಂದಾಗ, 1871ರಲ್ಲಿ, ವಿದ್ಯಾರ್ಥಿಗಳೇ ಊರೂರು ತಿರುಗಿ ಹಾಡಿದರು. ಆ ಹಾಡಿನ ಗಳಿಕೆಯಲ್ಲಿ ಎದ್ದ ಜುಬಿಲಿ ಹಾಲ್ ಇವತ್ತಿಗೂ ನಿಂತಿದೆ. ಅಲ್ಲಿ ಹೊಸದಾಗಿ ಸೇರುವವರಿಗೆ ಇದು ತಮ್ಮ ಮನೆತನದ ಕಥೆ.

ಫಿಸ್ಕ್‌ನಲ್ಲೇ ಓದಿದ ಕಪ್ಪು ಚಿಂತಕ ಡು ಬೋಯ್ಸ್‌ಗೆ 1946ರಲ್ಲಿ ಅಂಬೇಡ್ಕರ್ ಕಾಗದ ಬರೆದರು. ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಹೋದ ಮನವಿಯ ಪ್ರತಿ ಕಳಿಸಿಕೊಡಲು ಕೇಳಿ, ನಮ್ಮವರಿಗೂ ಅದೇ ದಾರಿಯ ಯೋಚನೆಯಿದೆ ಎಂದರು. ಡು ಬೋಯ್ಸ್ ಪ್ರೀತಿಯಿಂದಲೇ ಉತ್ತರಿಸಿದರು.

ಕಾಲೇಜಿನ ಲೈಬ್ರರಿ ಕಾರ್ಡ್ ಕೈಗೆ ಬಂದ ದಿನವೇ ಈ ಇಬ್ಬರ ಪುಸ್ತಕ ಕೇಳ್ರಿ.