ಕೋಚ್‌ಗೂ ಒಬ್ಬ ಕೋಚ್ ಬೇಕು

ಬೇಸಿಗೆ ರಜೆ ಬಂತು ಅಂದ್ರೆ ನಮ್ಮಲ್ಲಿ ಕೆಲವರು ಇಂಟರ್ನ್‌ಶಿಪ್ ಹುಡುಕ್ತೀವಿ, ಕೆಲವರು ಊರಿಗೆ ಹೋಗ್ತೀವಿ. ಇನ್ನು ಕೆಲವರು ಕ್ರಿಕೆಟ್, ಕಬಡ್ಡಿ, ಬ್ಯಾಡ್ಮಿಂಟನ್ ಸಮ್ಮರ್ ಕ್ಯಾಂಪ್‌ಗಳಲ್ಲಿ ಅಸಿಸ್ಟೆಂಟ್ ಕೋಚ್ ಆಗಿ ನಿಲ್ತೀವಿ. ಕಾಲೇಜ್ ಟೀಮಿನಲ್ಲಿ ಆಡಿದವರಿಗೆ ಇದೇನು ಮಹಾ ಅನ್ನಿಸಬಹುದು. ನಮಗೆ ಆಟ ಬರುತ್ತೆ, ಮಕ್ಕಳಿಗೆ ಹೇಳಿಕೊಟ್ಟರಾಯ್ತು! ಆದರೆ ಆಡೋದೇ ಬೇರೆ, ಆಡಿಸೋದೇ ಬೇರೆ. ಆಟಗಾರನ ಕೌಶಲ ಅವನ ಮೈಯಲ್ಲೇ ಇರುತ್ತೆ. ಕೋಚ್ ಅದನ್ನ ಮಾತಿನ ಮೂಲಕ, ತಾಳ್ಮೆಯ ಮೂಲಕ ಇನ್ನೊಬ್ಬರ ಮೈಗೆ ದಾಟಿಸಬೇಕು. ಪ್ಲೇಸ್‌ಮೆಂಟ್ ಟ್ರೈನಿಂಗ್‌ನಲ್ಲಿ ನಮಗೆ ಸ್ಲೈಡ್ ಹಾಕಿ ಹೇಳೋ ‘ಸಾಫ್ಟ್ ಸ್ಕಿಲ್ಸ್’ ಅಂದ್ರೆ ಮೈದಾನದಲ್ಲಿ ಇದೇ. ಈ ಸ್ಕಿಲ್ಸ್ ಹೊಸ ಕೋಚ್‌ಗೆ ಹೇಗೆ ಬರುತ್ತೆ, ಅದರಲ್ಲಿ ಮೆಂಟರ್ ಪಾತ್ರ ಏನು ಅನ್ನೋದನ್ನ ಈ ಲೇಖನದಲ್ಲಿ ನೋಡೋಣ.

ಕೋರ್ಸ್ ಕೊಡೋದು, ಕೋರ್ಸ್ ಕೊಡದೇ ಇರೋದು

ನಮ್ಮ ದೇಶದಲ್ಲಿ ಕೋಚ್ ಆಗೋಕೆ ಓದು ಇದೆ. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಎಸ್, 1961ರಲ್ಲಿ ಶುರುವಾಯ್ತು. ಬೆಂಗಳೂರಿನಲ್ಲೂ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಇದೆ. ಇಂಥ ಕಡೆ ತರಬೇತಿಯ ವಿಜ್ಞಾನ, ದೇಹರಚನೆ, ಆಟದ ತಂತ್ರ, ಮನಶ್ಶಾಸ್ತ್ರ ಎಲ್ಲ ಕಲಿಸ್ತಾರೆ. ಇದು ಖಂಡಿತ ಬೇಕು.

ಆದರೆ ಸೋತ ಮೇಲೆ ಶೂ ಬಿಚ್ಚಿ ಮೂಲೆಯಲ್ಲಿ ಕೂತ ಹುಡುಗಿ ಹತ್ತಿರ ಮೊದಲ ಮಾತು ಏನು ಆಡಬೇಕು? ‘ನನ್ನ ಮಗನನ್ನ ಯಾಕೆ ಟೀಮಿಗೆ ತಗೊಂಡಿಲ್ಲ’ ಅಂತ ಗೇಟ್ ಹತ್ತಿರ ನಿಲ್ಲಿಸಿ ಕೇಳೋ ಅಪ್ಪನಿಗೆ ಏನು ಹೇಳಬೇಕು? ಇವಕ್ಕೆ ಉತ್ತರ ಪುಸ್ತಕದಲ್ಲಿ ಓದಬಹುದು, ಆದರೆ ಆ ಹೊತ್ತಿಗೆ ನಾಲಿಗೆಗೆ ಬರಬೇಕಲ್ಲ! ಅದು ಪಕ್ಕದಲ್ಲಿ ಒಬ್ಬ ಅನುಭವಿ ನಿಂತು ತಿದ್ದಿದರೆ ಮಾತ್ರ ಬೇಗ ಬರುತ್ತೆ.

ಮೆಂಟರ್ ನೋಡೋದು ಯಾರನ್ನ?

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಬ್ಬಂಟಿ ಕೋಚ್ ಒಂದು ಓಪನ್ ಲೂಪ್ ಸಿಸ್ಟಮ್. ಇನ್‌ಪುಟ್ ಕೊಡ್ತಾ ಹೋಗ್ತಾನೆ, ಔಟ್‌ಪುಟ್ ಅಳೆದು ವಾಪಸ್ ಹೇಳೋಕೆ ಯಾರೂ ಇಲ್ಲ. ಎದುರಿಗೆ 20 ಮಕ್ಕಳಿರುವಾಗ ಅವನ ಕಣ್ಣೆಲ್ಲ ಮಕ್ಕಳ ಮೇಲೆ. ತನ್ನ ದನಿ ಎಷ್ಟು ಏರಿತು, ತಾನು ಎಷ್ಟು ಹೊತ್ತು ಮಾತಾಡಿದೆ ಅನ್ನೋದು ಅವನಿಗೆ ಕಾಣಲ್ಲ. ಮೆಂಟರ್ ಇಲ್ಲಿ ಸೆನ್ಸರ್ ಇದ್ದ ಹಾಗೆ. ಒಳ್ಳೆ ಮೆಂಟರ್ ಮೈದಾನಕ್ಕೆ ಬಂದಾಗ ಮಕ್ಕಳನ್ನ ನೋಡಲ್ಲ, ಹೊಸ ಕೋಚ್‌ನ ನೋಡ್ತಾರೆ. ಎಷ್ಟು ಮಕ್ಕಳನ್ನ ಹೆಸರು ಹಿಡಿದು ಕರೆದ? ಎಷ್ಟು ನಿಮಿಷ ಮಕ್ಕಳು ಸುಮ್ಮನೆ ಲೈನಲ್ಲಿ ನಿಂತಿದ್ರು? ಬೈದಿದ್ದು ಎಷ್ಟು ಸಲ, ಮೆಚ್ಚಿದ್ದು ಎಷ್ಟು ಸಲ? ಸೆಷನ್ ಮುಗಿದ ಮೇಲೆ ಟೀ ಕುಡೀತಾ ಹತ್ತು ನಿಮಿಷ ಕೂತು ಇದನ್ನ ಮಾತಾಡಿದ್ರೆ ಲೂಪ್ ಕ್ಲೋಸ್ ಆಯ್ತು.

ಸಾಮಾನ್ಯವಾಗಿ ಇದು ಮೂರು ಹಂತದಲ್ಲಿ ನಡೆಯುತ್ತೆ. ಮೊದಲು ಮೆಂಟರ್ ಆಡಿಸ್ತಾರೆ, ನಾವು ನೋಡ್ತೀವಿ. ಆಮೇಲೆ ವಾರ್ಮ್‌ಅಪ್ ಅಥವಾ ಒಂದು ಡ್ರಿಲ್ ಮಾತ್ರ ನಮ್ಮ ಕೈಗೆ ಕೊಡ್ತಾರೆ. ಕೊನೆಗೆ ಪೂರ್ತಿ ಸೆಷನ್ ನಮ್ಮದು, ಅವರು ಬೌಂಡರಿ ಆಚೆ. ಪ್ರತಿ ಹಂತದಲ್ಲೂ ಮಾತುಕತೆ ಇರಬೇಕು. ಮಾತುಕತೆ ಇಲ್ಲದಿದ್ರೆ ಅದು ಮೆಂಟರಿಂಗ್ ಅಲ್ಲ, ಬರೀ ಕೆಲಸ ಹಂಚಿಕೆ.

ಬೆಳೆಯೋ ನಾಲ್ಕು ಕೌಶಲಗಳು

ಒಂದು, ಕಡಿಮೆ ಮಾತಾಡೋದು. ಕಬಡ್ಡಿಯಲ್ಲಿ ಆಂಕಲ್ ಹೋಲ್ಡ್ ಕಲಿಸುವಾಗ ಹೊಸ ಕೋಚ್ ಒಂದೇ ಉಸಿರಿಗೆ ‘ಮೊಣಕಾಲು ಬಗ್ಗಿಸು, ಕೈ ಮುಂದೆ ಇಡು, ಚೈನ್ ಬಿಡಬೇಡ, ಟೈಮಿಂಗ್ ನೋಡು’ ಅಂತಾನೆ. ಮಗುವಿನ ತಲೆಯಲ್ಲಿ ಯಾವುದೂ ಉಳಿಯಲ್ಲ. ಅನುಭವಿ ಕೋಚ್ ಇವತ್ತಿಗೆ ಒಂದೇ ಮಾತು ಹೇಳ್ತಾರೆ: ‘ಅವನ ಕಾಲು ನೋಡು.’ ಉಳಿದದ್ದು ನಾಳೆಗೆ.

ಎರಡು, ಕೇಳಿಸಿಕೊಳ್ಳೋದು. ‘ಯಾಕೆ ಹಾಗೆ ಹೊಡೆದೆ?’ ಅನ್ನೋ ಪ್ರಶ್ನೆ ಬೈಗುಳದ ದನಿಯಲ್ಲೂ ಕೇಳಬಹುದು, ಕುತೂಹಲದಿಂದಲೂ ಕೇಳಬಹುದು. ಕುತೂಹಲದಿಂದ ಕೇಳಿದ್ರೆ ಮಗು ನಿಜ ಹೇಳುತ್ತೆ: ‘ಸರ್, ಬಾಲ್ ಕಾಣಿಸಲಿಲ್ಲ, ಬಿಸಿಲು ಕಣ್ಣಿಗೆ ಹೊಡೀತಿತ್ತು.’ ಅದಕ್ಕೇ ಅನುಭವಿಗಳು ಗುಂಪಿಗೆ ಏನಾದ್ರೂ ಹೇಳುವಾಗ ಬಿಸಿಲಿಗೆ ತಾವು ಮುಖ ಮಾಡಿ ನಿಲ್ತಾರೆ, ಮಕ್ಕಳ ಬೆನ್ನಿಗೆ ಬಿಸಿಲು ಇರುತ್ತೆ. ಇಂಥ ಸಣ್ಣ ವಿಷಯವನ್ನ ಮೆಂಟರ್ ಒಂದು ಸಲ ಹೇಳಿದ್ರೆ ಸಾಕು, ಜನ್ಮಕ್ಕೆ ಮರೆಯಲ್ಲ.

ಮೂರು, ಬೇಡವಾದ ಸುದ್ದಿ ಹೇಳೋದು. ಟೀಮ್ ಲಿಸ್ಟ್ ಅಂಟಿಸಿ ಹೋಗಿಬಿಡೋದು ಸುಲಭ. ಹೆಸರು ಇಲ್ಲದ ಮಗುವನ್ನ ಮುಂಚೆಯೇ ಪಕ್ಕಕ್ಕೆ ಕರೆದು, ಯಾಕೆ ಇಲ್ಲ, ಮುಂದಿನ ಸಲಕ್ಕೆ ಏನು ಸರಿ ಮಾಡಬೇಕು ಅಂತ ಹೇಳೋದು ಕಷ್ಟ. ತಂದೆತಾಯಿ ಜೊತೆ ಮಾತಾಡುವಾಗಲೂ ಅಷ್ಟೇ. ಮಗುವಿನ ಎದುರಿಗೆ ಬೇಡ, ಬೇರೆ ಮಗುವಿನ ಜೊತೆ ಹೋಲಿಕೆ ಬೇಡ. ಮೊದಲ ಸಲ ಮೆಂಟರ್ ಮಾತಾಡಲಿ, ನಾವು ಪಕ್ಕದಲ್ಲಿ ನಿಂತು ಕೇಳೋಣ. ಎರಡನೇ ಸಲ ನಾವು ಮಾತಾಡೋಣ, ಅವರು ಪಕ್ಕದಲ್ಲಿ ಇರಲಿ.

ನಾಲ್ಕು, ಸಲುಗೆಗೆ ಗೆರೆ ಹಾಕೋದು. ನಮ್ಮ ವಯಸ್ಸಿನವರನ್ನ ಮಕ್ಕಳು ಸರ್ ಅನ್ನೋದಕ್ಕಿಂತ ಅಣ್ಣ, ಅಕ್ಕ ಅನ್ನೋದೇ ಜಾಸ್ತಿ. ಅದು ಚೆಂದ. ಆದರೆ ಅಣ್ಣ ಅಂದ ಮಾತ್ರಕ್ಕೆ ರಾತ್ರಿ ಮೆಸೇಜ್ ಮಾಡೋದು, ಒಬ್ಬರನ್ನೇ ಮುದ್ದು ಮಾಡೋದು ನಡೆಯಲ್ಲ. ಗೆರೆ ಎಲ್ಲಿದೆ ಅನ್ನೋದನ್ನ ತಿಳಿದವರನ್ನ ಕೇಳಿಯೇ ಕಲಿಯಬೇಕು.

ದೀಪದಿಂದ ದೀಪ

ಈ ದಾಟಿಸುವಿಕೆಗೆ ನಮ್ಮ ಹತ್ತಿರದಲ್ಲೇ ಉದಾಹರಣೆ ಇದೆ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ 1994ರಲ್ಲಿ ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಅಕಾಡೆಮಿ ಶುರು ಮಾಡಿದರು. ಅಲ್ಲಿ ತರಬೇತಿ ಪಡೆದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದು, ಮುಂದೆ ಹೈದರಾಬಾದಿನಲ್ಲಿ ತಮ್ಮದೇ ಅಕಾಡೆಮಿ ಕಟ್ಟಿದರು. ಅವರ ಕೈಕೆಳಗೆ ಆಡಿ ಸೈನಾ ನೆಹ್ವಾಲ್ 2012ರಲ್ಲಿ ಒಲಿಂಪಿಕ್ ಕಂಚು, ಪಿ.ವಿ. ಸಿಂಧು 2016ರಲ್ಲಿ ಬೆಳ್ಳಿ ತಂದರು. ರಿಯೊಗೆ ಮುಂಚೆ ಮೂರು ತಿಂಗಳು ಸಿಂಧು ಕೈಯಲ್ಲಿ ಫೋನೇ ಇರಲಿಲ್ಲ ಅಂತ ಗೋಪಿಚಂದ್ ಹೇಳಿದ್ದರು. ನಾವು ಯಾರದ್ದಾದ್ರೂ ಫೋನ್ ಕಿತ್ಕೊಂಡ್ರೆ ಜಗಳ ಆಗುತ್ತೆ. ಅಲ್ಲಿ ಆಗಲಿಲ್ಲ ಅಂದ್ರೆ ಅದರ ಹಿಂದೆ ವರ್ಷಗಳ ನಂಬಿಕೆ ಇತ್ತು. ಮೊದಲು ನಂಬಿಕೆ, ಆಮೇಲೆ ಶಿಸ್ತು.

ರಾಹುಲ್ ದ್ರಾವಿಡ್ ಕೂಡ 2015ರಲ್ಲಿ ಕೋಚಿಂಗ್ ಹಿಡಿದಾಗ ಸೀನಿಯರ್ ಟೀಮಿಗೆ ಹೋಗಲಿಲ್ಲ. ಅಂಡರ್-19 ಮತ್ತು ಇಂಡಿಯಾ ‘ಎ’ ಹುಡುಗರ ಜೊತೆ ಕೆಲಸ ಮಾಡಿದರು. 2018ರಲ್ಲಿ ಅಂಡರ್-19 ವಿಶ್ವಕಪ್ ಗೆದ್ದಾಗ ಅವರಿಗೆ 50 ಲಕ್ಷ, ಸಪೋರ್ಟ್ ಸ್ಟಾಫ್‌ಗೆ ತಲಾ 20 ಲಕ್ಷ ಬಹುಮಾನ ಘೋಷಣೆ ಆಯ್ತು. ಎಲ್ಲರಿಗೂ ಒಂದೇ ಮೊತ್ತ ಇರಲಿ ಅಂದರು ದ್ರಾವಿಡ್. ಕೊನೆಗೆ ಅವರನ್ನೂ ಸೇರಿಸಿ ಎಲ್ಲರಿಗೂ 25 ಲಕ್ಷ ಆಯ್ತು. ಟೀಮ್‌ವರ್ಕ್ ಅನ್ನೋದನ್ನ ಆ ಟೀಮಿನ ಕಿರಿಯ ಕೋಚ್‌ಗಳು ಕಣ್ಣಾರೆ ಕಂಡಿರ್ತಾರೆ.

ಶುರು ಮಾಡೋದು ಹೇಗೆ?

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಕ್ಯಾಂಪಿನ ಹಿರಿಯ ಕೋಚ್, ಹಳೆ ಸ್ಕೂಲಿನ ಪಿಟಿ ಮೇಷ್ಟ್ರು, ಯಾರಾದ್ರೂ ಆಗಬಹುದು. ‘ಸರ್, ನನಗೆ ಮೆಂಟರ್ ಆಗ್ತೀರಾ?’ ಅಂತ ಕೇಳಿದ್ರೆ ಅವರಿಗೂ ಗೊಂದಲ. ಅದರ ಬದಲು ‘ಸರ್, ಶನಿವಾರ ನನ್ನ ಸೆಷನ್ 15 ನಿಮಿಷ ನೋಡ್ತೀರಾ? ಮಕ್ಕಳು ಸುಮ್ಮನೆ ನಿಂತಿರೋ ಹೊತ್ತು ಜಾಸ್ತಿ ಆಗ್ತಿದೆಯಾ ಹೇಳಿ’ ಅಂತ ಕೇಳಿ. ಸಣ್ಣ ಪ್ರಶ್ನೆಗೆ ನಿಖರವಾದ ಉತ್ತರ ಸಿಗುತ್ತೆ. ಸಿಕ್ಕಿದ್ದನ್ನ ಬರೆದಿಟ್ಟು, ಮುಂದಿನ ವಾರ ಅದೊಂದನ್ನೇ ಬದಲಿಸಿ ನೋಡಿ.

ಒಂದು ಎಚ್ಚರಿಕೆಯೂ ಇದೆ. ಹಿರಿಯರು ಮಾಡಿದ್ದೆಲ್ಲ ಸರಿ ಅಂತೇನಿಲ್ಲ. ‘ನಾವೂ ಏಟು ತಿಂದೇ ಕಲಿತಿದ್ದು’ ಅನ್ನೋರು ಇನ್ನೂ ಇದ್ದಾರೆ. ಅವರಿಂದ ಆಟದ ಕಣ್ಣು ಕಲಿಯೋಣ, ಬೆತ್ತ ಬೇಡ.

ಕ್ಯಾಂಪಿಗೆ ಬರೋ ಮಕ್ಕಳಲ್ಲಿ ಬಹುಪಾಲು ಜನ ದೊಡ್ಡ ಆಟಗಾರರಾಗಲ್ಲ. ಆದರೆ ಹತ್ತು ವರ್ಷದ ಮಗು ಆಟವನ್ನ ಇಷ್ಟಪಟ್ಟು ನಾಳೆ ಮತ್ತೆ ಮೈದಾನಕ್ಕೆ ಬರುತ್ತಾ, ಇಲ್ಲ ಅವಮಾನ ಅನ್ನಿಸಿ ಬ್ಯಾಟ್ ಅಟ್ಟಕ್ಕೆ ಹಾಕುತ್ತಾ ಅನ್ನೋದು ಎಷ್ಟೋ ಸಲ ನಮ್ಮಂಥ 19 ವರ್ಷದವರ ಒಂದು ಮಾತಿನ ಮೇಲೆ ನಿಂತಿರುತ್ತೆ. ಆ ಮಾತನ್ನ ಕಲಿತು ಆಡೋಣ. ಈ ಬೇಸಿಗೆಗೆ ಸೀಟಿ ಕೊರಳಿಗೆ ಹಾಕ್ಕೊಳ್ಳೋ ಮುಂಚೆ, ನಮ್ಮನ್ನ ನೋಡೋಕೆ ಒಬ್ಬರನ್ನ ಹುಡುಕಿಕೊಳ್ಳೋಣ.